ಒಬ್ಬರೇ ಹೊರಡುವ ಮುನ್ನ: ದೂರದ ಕಯಾಕ್ ಯಾನಕ್ಕೆ ಸಿದ್ಧತೆ



ನಮ್ಮ ಸಂವಾದ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಕೆಲವಕ್ಕೆ ಸ್ಟುಡಿಯೋದಲ್ಲಿ ಕುಳಿತು ಎರಡು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಲಾಗುವುದಿಲ್ಲ. ಇತ್ತೀಚೆಗೆ ಬಂದ ಒಂದು ಪತ್ರ ಅಂಥದು. ಬರೆದವರು ಉತ್ತರ ಕನ್ನಡ ಜಿಲ್ಲೆಯ ಒಬ್ಬ ಕಾಲೇಜು ವಿದ್ಯಾರ್ಥಿ. ಅವರ ಊರಿನ ಮೂತ್ರಪಿಂಡದ ರೋಗಿಗಳು ಡಯಾಲಿಸಿಸ್‌ಗಾಗಿ ವಾರಕ್ಕೆ ಎರಡು ಸಲ ಬಹುದೂರ ಬಸ್ಸಿನಲ್ಲಿ ಹೋಗಿಬರಬೇಕಂತೆ. ಊರಿನ ಆಸ್ಪತ್ರೆಗೇ ಒಂದು ಯಂತ್ರ ಕೊಡಿಸಬೇಕೆಂಬುದು ಅವರ ಆಸೆ. ಅದಕ್ಕಾಗಿ ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದಲ್ಲಿ ಒಬ್ಬರೇ ಕಯಾಕ್ ನಡೆಸಿಕೊಂಡು ಹೋಗುವುದು, ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ದಾನಿಗಳಿಂದ ಹಣ ಕೂಡಿಸುವುದು ಅವರ ಯೋಜನೆ. "ಎಷ್ಟು ತಿಂಗಳ ಅಭ್ಯಾಸ ಬೇಕು? ಯಾವ ದೋಣಿ ಕೊಳ್ಳಬೇಕು?" ಇವೆರಡೇ ಅವರ ಪ್ರಶ್ನೆ.

ಉತ್ಸಾಹಕ್ಕೆ ತಣ್ಣೀರೆರಚುವುದು ನನ್ನ ಉದ್ದೇಶವಲ್ಲ. ಇಂಥ ಯಾನಗಳು ನಡೆದಿವೆ, ಅವುಗಳಿಂದ ಒಳ್ಳೆಯ ಕೆಲಸಗಳೂ ಆಗಿವೆ. 2015ರಲ್ಲಿ ಮುಂಬಯಿಯ ಕೌಸ್ತುಭ್ ಖಾಡೆ ಎಂಬ ಯುವಕ ಗುಜರಾತಿನ ದ್ವಾರಕೆಯಿಂದ ಕನ್ಯಾಕುಮಾರಿಯವರೆಗೆ ಸುಮಾರು 3,000 ಕಿ.ಮೀ. ದೂರವನ್ನು 84 ದಿನಗಳಲ್ಲಿ ಕಯಾಕ್‌ನಲ್ಲಿ ಕ್ರಮಿಸಿದರು. ಬಡಮಕ್ಕಳಿಗಾಗಿ ಕೆಲಸ ಮಾಡುವ 'ಮ್ಯಾಜಿಕ್ ಬಸ್' ಸಂಸ್ಥೆಗೆ ಹಣ ಕೂಡಿಸುವುದು ಆ ಯಾನದ ಉದ್ದೇಶವಾಗಿತ್ತು. ದಾರಿಯಲ್ಲಿ ನಮ್ಮ ಕರಾವಳಿಯನ್ನೂ ಅವರು ಹಾದುಹೋದರು. ಅದಕ್ಕೂ ಮೊದಲು, 2010ರಲ್ಲಿ, ಬಿ.ಬಿ.ಸಿ.ಯ ಮಕ್ಕಳ ಕಾರ್ಯಕ್ರಮ 'ಬ್ಲೂ ಪೀಟರ್'ನ ನಿರೂಪಕಿ ಹೆಲೆನ್ ಸ್ಕೆಲ್ಟನ್ 'ಸ್ಪೋರ್ಟ್ ರಿಲೀಫ್' ಎಂಬ ದತ್ತಿ ಅಭಿಯಾನಕ್ಕಾಗಿ ಅಮೆಜಾನ್ ನದಿಯಲ್ಲಿ 2,010 ಮೈಲಿ, ಅಂದರೆ 3,200 ಕಿ.ಮೀ.ಗೂ ಹೆಚ್ಚು ದೂರ ಕಯಾಕ್ ನಡೆಸಿದರು. ಪೆರು ದೇಶದ ನೌತಾದಿಂದ ಹೊರಟು ಬ್ರೆಜಿಲ್ಲಿನ ಅಲ್ಮೆಯ್ರಿಮ್ ಸೇರಲು ಅವರಿಗೆ ಸುಮಾರು ಆರು ವಾರ ಹಿಡಿಯಿತು.

ಇದೆಲ್ಲ ಬರೀ ತೋಳಿನ ಬಲದ ಮಾತು ಎಂದು ನಿಮಗೆ ಅನ್ನಿಸಬಹುದು. ತೋಳಿನ ಬಲ ಬೇಕು, ಸರಿ. ಆದರೆ ಯಾನದ ಬಹುಪಾಲು ನಿರ್ಧಾರವಾಗುವುದು ಹೊರಡುವ ಮುನ್ನ, ಮನೆಯ ಮೇಜಿನ ಮುಂದೆ ಕುಳಿತು ಮಾಡುವ ಲೆಕ್ಕದಲ್ಲಿ. ನಮ್ಮ ವಿದ್ಯಾರ್ಥಿ ಮಿತ್ರರ ಎರಡೂ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸುತ್ತೇನೆ. ಅವರು ಕೇಳದೆ ಬಿಟ್ಟ ಮೂರನೆಯ ಪ್ರಶ್ನೆಯೊಂದಿದೆ. ಅದನ್ನೂ ಕೊನೆಯಲ್ಲಿ ಎತ್ತಿಕೊಳ್ಳೋಣ.

ದೋಣಿಯ ಆಯ್ಕೆ

ಕಯಾಕ್ ಉತ್ತರ ಧ್ರುವ ಪ್ರದೇಶದ ಜನರ ಬೇಟೆದೋಣಿ. ಗ್ರೀನ್‌ಲ್ಯಾಂಡ್, ಅಲಾಸ್ಕಾ ಮುಂತಾದ ಕಡೆ ಇನ್ಯುಯಿಟ್ ಹಾಗೂ ಅಲ್ಯೂಟ್ ಜನ ತೇಲಿಬಂದ ಮರದ ತುಂಡು, ಪ್ರಾಣಿಗಳ ಮೂಳೆಗಳಿಂದ ಹಂದರ ಕಟ್ಟಿ, ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಇದನ್ನು ಮಾಡುತ್ತಿದ್ದರು. ನಮ್ಮ ನಾಡದೋಣಿಯಲ್ಲಿ ನಾವು ಕುಳಿತುಕೊಳ್ಳುತ್ತೇವೆ. ಕಯಾಕನ್ನಾದರೋ ಹೆಚ್ಚುಕಡಿಮೆ ತೊಟ್ಟುಕೊಳ್ಳಬೇಕು. ಕಾಲುಗಳನ್ನು ಮುಂದಕ್ಕೆ ಚಾಚಿ, ಸೊಂಟವನ್ನು ಅದರ ಬಾಯಿಯೊಳಗೆ ಇಳಿಸಿ, ನೀರು ಒಳಗೆ ನುಗ್ಗದಂತೆ ಸುತ್ತಲೂ ಬಟ್ಟೆಯ ಮುಚ್ಚಿಗೆ ಬಿಗಿದು ಕೂರುವುದು ಅದರ ಕ್ರಮ. ಕೈಯಲ್ಲಿ ಎರಡು ತುದಿಗೂ ಅಲಗಿರುವ ಒಂದೇ ಹುಟ್ಟು.

ಸಾಲಿಗ್ರಾಮದ ಬಳಿ ಸೀತಾ ನದಿಯ ಹಿನ್ನೀರಿನಲ್ಲೋ, ಹೊನ್ನಾವರದ ಹತ್ತಿರ ಶರಾವತಿಯ ಕಾಂಡ್ಲಾ ಗಿಡಗಳ ನಡುವೆಯೋ ನೀವು ಕಯಾಕ್ ಏರಿರಬಹುದು. ಅಲ್ಲಿ ಪ್ರವಾಸಿಗರಿಗೆ ಕೊಡುವ ಕಯಾಕ್‌ಗಳು ಸಾಮಾನ್ಯವಾಗಿ ಗಿಡ್ಡ, ಅಗಲ. ಮೂರು ಮೀಟರಿನ ಆಸುಪಾಸು ಉದ್ದ, ಮುಕ್ಕಾಲು ಮೀಟರ್ ಅಗಲ, ಮೇಲೆಯೇ ಕೂರುವ ಆಸನ. ನಿಂತ ನೀರಿನಲ್ಲಿ ಅವು ಅಲುಗಾಡುವುದಿಲ್ಲ. ಆದ್ದರಿಂದ ಸಮುದ್ರಕ್ಕೂ ಇದೇ ಕ್ಷೇಮ ಎಂದು ಎಣಿಸುವುದು ಸಹಜ. ಆದರೆ ಅಗಲದ ದೋಣಿಯ ಸ್ವಭಾವವೇನೆಂದರೆ, ಅದು ಸದಾ ನೀರಿನ ಮೈಗೆ ಅಂಟಿಕೊಂಡಿರಲು ಬಯಸುತ್ತದೆ. ನೀರು ಸಮತಟ್ಟಾಗಿದ್ದರೆ ದೋಣಿಯೂ ಸಮತಟ್ಟು. ಪಕ್ಕದಿಂದ ಅಲೆ ಎದ್ದು ನೀರಿನ ಮೈಯೇ ಓರೆಯಾದರೆ ದೋಣಿಯೂ ಅಷ್ಟೇ ಓರೆಯಾಗಿ ನಿಮ್ಮನ್ನು ಚೆಲ್ಲಿಬಿಡುತ್ತದೆ. ಸಮುದ್ರದ ಕಯಾಕ್ ಸುಮಾರು ಐದು ಮೀಟರ್ ಉದ್ದ, 55ರಿಂದ 60 ಸೆಂ.ಮೀ. ಅಗಲ. ಹತ್ತಿದ ಮೊದಲ ದಿನ ಅದು ನಡುಗುತ್ತದೆ; ಆದರೆ ಅಲೆ ಓರೆಯಾದಾಗಲೂ ಸೊಂಟ ತಿರುಗಿಸಿ ಅದನ್ನು ನೆಟ್ಟಗೆ ಹಿಡಿಯಬಹುದು.

ಉದ್ದದಿಂದ ಇನ್ನೊಂದು ಲಾಭವುಂಟು. ತೇಲುವ ದೋಣಿಯ ವೇಗಕ್ಕೆ ಅದರ ಉದ್ದವೇ ಒಂದು ಮಿತಿ ಹಾಕುತ್ತದೆ. ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾರದೆ ಹಿಂದೆ ಬೀಳುತ್ತದೆ. ಐದು ಮೀಟರ್ ಉದ್ದಕ್ಕೆ ಈ ಮಿತಿ ಗಂಟೆಗೆ ಸುಮಾರು 10 ಕಿ.ಮೀ. ಮನುಷ್ಯ ದಿನವಿಡೀ ನಡೆಸಬಲ್ಲದ್ದು ಅದರ ಅರ್ಧ, ಹೆಚ್ಚೆಂದರೆ ಗಂಟೆಗೆ 6 ಕಿ.ಮೀ. ಗಿಡ್ಡ ದೋಣಿಯಲ್ಲಿ ಅಷ್ಟು ವೇಗಕ್ಕೂ ಹೆಚ್ಚು ಶಕ್ತಿ ವ್ಯಯವಾಗುತ್ತದೆ.

ಕೊಳ್ಳುವಾಗ ಬಣ್ಣ ನೋಡುವುದಕ್ಕಿಂತ ಮೊದಲು ದೋಣಿಯ ಒಳಗಿನ ಅಡ್ಡಗೋಡೆಗಳನ್ನು ನೋಡಿ. ಮುಂದೆ ಮತ್ತು ಹಿಂದೆ ನೀರು ಹೋಗದಂಥ ಎರಡು ಮುಚ್ಚಿದ ಕೋಣೆಗಳಿರಬೇಕು. ಅವಿಲ್ಲದ ದೋಣಿ ಮಗುಚಿದರೆ ಒಳಗೆ 200 ಲೀಟರ್ ನೀರು ತುಂಬಬಹುದು. ಅಂದರೆ 200 ಕಿಲೋ ಭಾರ. ಅದನ್ನು ನಡುನೀರಿನಲ್ಲಿ ಒಬ್ಬರೇ ಎತ್ತಿ ಬರಿದು ಮಾಡಲು ಯಾರಿಂದಲೂ ಸಾಧ್ಯವಿಲ್ಲ.

'ಒಂಟಿ' ಎಂದರೆ ಎಷ್ಟು ಒಂಟಿ?

ಹೆಲೆನ್ ಸ್ಕೆಲ್ಟನ್ ಅವರದು ಒಂಟಿ ಯಾನವೇ. ಆದರೆ ಅವರ ಜೊತೆಗೆ ಇನ್ನೊಂದು ದೋಣಿಯಲ್ಲಿ ಸಹಾಯಕರ ತಂಡವಿತ್ತು. ಕೌಸ್ತುಭ್ ಖಾಡೆ ಮುಂದೆ ದೇಶದ ಇಡೀ ಕರಾವಳಿಯ ಯಾನ ಕೈಗೊಂಡಾಗ ಅವರ ಸಂಗಾತಿ ಶಾಂಜಲಿ ಶಾಹಿ ದಡದ ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಜೊತೆಗೂಡಿದರು. ಹುಟ್ಟು ಹಾಕುವ ಕೈ ಒಬ್ಬರದೇ ಆಗಿರಬೇಕು ಎಂಬುದಷ್ಟೇ 'ಒಂಟಿ' ಎಂಬ ಮಾತಿನ ಅರ್ಥ. ಮಿಕ್ಕ ಕೆಲಸಗಳಿಗೆ ಜನ ಬೇಕು.

ನಮ್ಮ ವಿದ್ಯಾರ್ಥಿ ಮಿತ್ರರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಕಾರವಾರದಿಂದ ಮಂಗಳೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66 ಸಮುದ್ರಕ್ಕೆ ಹತ್ತಿರವಾಗಿಯೇ ಸಾಗುತ್ತದೆ. ಒಂದು ಜೀಪಿನಲ್ಲಿ ಇಬ್ಬರು ಸ್ನೇಹಿತರು ದಡದುದ್ದಕ್ಕೂ ಬರಬಹುದು. ಒಬ್ಬರು ಹವಾಮಾನ ನೋಡಲಿ, ಮುಂದಿನ ಊರಿನ ಮೀನುಗಾರರ ಜೊತೆ ಮಾತನಾಡಲಿ. ಇನ್ನೊಬ್ಬರು ಊಟ, ನೀರು, ಲೆಕ್ಕಪತ್ರ ನೋಡಿಕೊಳ್ಳಲಿ. ಫೋನಿನಲ್ಲಿ ಸಿಗುವ ಒಬ್ಬ ವೈದ್ಯರು ಇರಲಿ. ಇಷ್ಟು ಜನರಿಲ್ಲದೆ ಒಂಟಿಯಾಗಿ ಹೊರಡಬೇಡಿ.

ದೇಹದ ಲೆಕ್ಕ

ನಮ್ಮ ರಾಜ್ಯದ ಕರಾವಳಿ ಸುಮಾರು 300 ಕಿ.ಮೀ. ದಿನಕ್ಕೆ 25ರಿಂದ 30 ಕಿ.ಮೀ. ಎಂದರೂ ಹತ್ತು-ಹನ್ನೆರಡು ದಿನ ಹುಟ್ಟು ಹಾಕಬೇಕು. ವಿಶ್ರಾಂತಿಗೆ, ಕೆಟ್ಟ ಹವೆಗೆ ನಾಲ್ಕೈದು ದಿನ ಸೇರಿಸಿದರೆ ಹದಿನಾರು-ಹದಿನೇಳು ದಿನಗಳ ಯಾನ. ನಿಮಿಷಕ್ಕೆ 55 ಬಾರಿ ಹುಟ್ಟು ಹಾಕಿದರೆ ಆರು ಗಂಟೆಯಲ್ಲಿ ಸುಮಾರು 20,000 ಬಾರಿ. ಭುಜದ ಒಂದು ಸಣ್ಣ ತಪ್ಪು ದಿನಕ್ಕೆ ಅಷ್ಟು ಸಲ ಪುನರಾವರ್ತನೆಯಾದರೆ ನಾಲ್ಕನೆಯ ದಿನ ಕೈ ಮೇಲೆತ್ತಲಾಗುವುದಿಲ್ಲ. ಆದ್ದರಿಂದ ಮೊದಲು ಕಲಿಯಬೇಕಾದದ್ದು ತೋಳಿನಿಂದ ಎಳೆಯದೆ ಸೊಂಟದಿಂದ ಮೇಲಿನ ಇಡೀ ಮೈಯನ್ನು ತಿರುಗಿಸಿ ಹುಟ್ಟು ಹಾಕುವುದನ್ನು. ಒರಳು ಕಲ್ಲಿನಲ್ಲಿ ರುಬ್ಬಿ ಅಭ್ಯಾಸವಿರುವ ನಮ್ಮ ಅಜ್ಜಿಯರಿಗೆ ಈ ಮಾತು ಬೇಗ ಅರ್ಥವಾದೀತು. ಬರೀ ಮಣಿಕಟ್ಟಿನಿಂದ ರುಬ್ಬಿದವರು ಬೇಗ ದಣಿಯುತ್ತಾರೆ.

ಎಷ್ಟು ತಿಂಗಳ ಅಭ್ಯಾಸ ಎಂದು ಕೇಳಿದ್ದಾರೆ. ಈಜು ಚೆನ್ನಾಗಿ ಬರುವ, ಆರೋಗ್ಯವಂತ ಯುವಕರಿಗೆ ಆರು ತಿಂಗಳಾದರೂ ಬೇಕು ಎಂಬುದು ನನ್ನ ಅಂದಾಜು. ಮೊದಲ ಎರಡು ತಿಂಗಳು ಹಿನ್ನೀರಿನಲ್ಲಿ ಹುಟ್ಟಿನ ಪಾಠ ಮತ್ತು ಮಗುಚಿ ಏಳುವ ಪಾಠ. ಆಮೇಲಿನ ಎರಡು ತಿಂಗಳು ಅನುಭವಿಗಳ ಜೊತೆಗೆ ಸಮುದ್ರದಲ್ಲಿ, ಯಾನದ ದಿನ ಹೊರುವಷ್ಟೇ ಭಾರ ತುಂಬಿಕೊಂಡು. ದೂರವನ್ನು ವಾರದಿಂದ ವಾರಕ್ಕೆ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಹೆಚ್ಚಿಸಿ. ಐದನೆಯ ತಿಂಗಳು ಒಂದರ ಹಿಂದೊಂದು ದಿನ ಹೋಗುವುದು; ಏಕೆಂದರೆ ನಿಜವಾದ ಪರೀಕ್ಷೆ ಮೊದಲ ದಿನದ್ದಲ್ಲ, ನೊಂದ ಮೈಯಲ್ಲಿ ಮರುದಿನ ಬೆಳಗ್ಗೆ ಏಳುವುದರದ್ದು. ಆರನೆಯ ತಿಂಗಳು ಮೂರು ದಿನಗಳ ಪೂರ್ಣ ತಾಲೀಮು. ಕೊನೆಯ ವಾರ ವಿಶ್ರಾಂತಿ.

ಆಹಾರದ ಲೆಕ್ಕ ಹೀಗೆ. ಹುಟ್ಟು ಹಾಕುವ ಒಂದೊಂದು ಗಂಟೆಗೂ ಸುಮಾರು 400 ಕ್ಯಾಲೊರಿ ಬೇಕು. ದಿನದ ಮಿಕ್ಕ ಅಗತ್ಯವನ್ನೂ ಸೇರಿಸಿದರೆ 4,000 ಕ್ಯಾಲೊರಿ ದಾಟುತ್ತದೆ. ಸಾಮಾನ್ಯ ದಿನದ ಊಟದ ಎರಡರಷ್ಟು ಎಂದುಕೊಳ್ಳಿ. ಪೇಟೆಯ ದುಬಾರಿ ಪೊಟ್ಟಣಗಳೇ ಆಗಬೇಕೆಂದಿಲ್ಲ. ಅವಲಕ್ಕಿ, ಬೆಲ್ಲ, ನೆಲಗಡಲೆ, ಬಾಳೆಹಣ್ಣು, ರಾಗಿ ಹುರಿಹಿಟ್ಟು ಇವೆಲ್ಲ ದೋಣಿಯಲ್ಲಿ ಕೆಡದೆ ಉಳಿಯುತ್ತವೆ. ದಡದಲ್ಲಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇದ್ದರೆ ಬೆವರಿನಲ್ಲಿ ಕಳೆದ ಉಪ್ಪೂ ಮರಳಿ ಬರುತ್ತದೆ.

ನೀರಿನ ವಿಷಯದಲ್ಲಿ ಜಿಪುಣತನ ಸಲ್ಲದು. ನಮ್ಮ ಬಿಸಿಲಿನಲ್ಲಿ ದಿನಕ್ಕೆ 6 ಲೀಟರಿಗೆ ಕಡಿಮೆಯಿಲ್ಲ, ಜೊತೆಗೆ ಒಂದು ದಿನದ ನೀರು ಸದಾ ಹೆಚ್ಚುವರಿ. ಲೀಟರಿಗೆ ಒಂದು ಕಿಲೋದಂತೆ 12 ಕಿಲೋ ಆಯಿತು. ಈ ಭಾರವನ್ನು ದೋಣಿಯ ನಡುವೆ, ಆದಷ್ಟು ತಳದಲ್ಲಿ ಇಡಬೇಕು. ಮೇಲಿಟ್ಟರೆ ಗುರುತ್ವ ಕೇಂದ್ರ ಮೇಲೇರಿ ದೋಣಿ ಬೇಗ ಮಗುಚುತ್ತದೆ. ಒಂದು ಲೀಟರ್ ಕುಡಿಯುವ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿದ ಪಾನಕ ದಣಿವಿಗೆ ಒಳ್ಳೆಯದು. ನಮ್ಮ ಸಮುದ್ರದಲ್ಲಿ ಚಳಿಯ ಭಯ ಕಡಿಮೆ. ಬಿಸಿಲು ಮತ್ತು ಉಪ್ಪುನೀರಿನ ಹುಣ್ಣುಗಳೇ ಶತ್ರು. ತುಂಬುತೋಳಿನ ಅಂಗಿ, ಕುತ್ತಿಗೆ ಮುಚ್ಚುವ ಟೋಪಿ, ಸಂಜೆ ಸಿಹಿನೀರಿನ ಸ್ನಾನ ತಪ್ಪಿಸಬಾರದು.

ಗಾಳಿ, ಉಬ್ಬರ, ಅಳಿವೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಯಾಕಿಗೆ ನಮ್ಮ ಸಮುದ್ರದ ಬಾಗಿಲು ಮುಚ್ಚಿದಂತೆಯೇ. ಜೂನ್, ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳಿಗೂ ಮೀನುಗಾರಿಕೆ ನಿಷೇಧವಿರುತ್ತದೆ. ಅಕ್ಟೋಬರ್, ನವೆಂಬರ್‌ಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಏಳಬಹುದು. 2017ರ ನವೆಂಬರ್ ಕೊನೆಯಲ್ಲಿ ಎದ್ದ 'ಓಖಿ' ಕೇರಳ, ತಮಿಳುನಾಡಿನ ಎಷ್ಟೋ ಮೀನುಗಾರರನ್ನು ಬಲಿತೆಗೆದುಕೊಂಡದ್ದು ನಿಮಗೆ ನೆನಪಿರಬಹುದು. ಆದ್ದರಿಂದ ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗಿನ ಕಾಲ ಉತ್ತಮ.

ಆ ತಿಂಗಳುಗಳಲ್ಲಿಯೂ ದಿನದ ಎಲ್ಲ ಹೊತ್ತೂ ಒಂದೇ ಅಲ್ಲ. ರಾತ್ರಿ ನೆಲ ಬೇಗ ತಣಿಯುವುದರಿಂದ ಮುಂಜಾವದಲ್ಲಿ ದಡದಿಂದ ಸಮುದ್ರದ ಕಡೆಗೆ ಮೆಲುಗಾಳಿ ಬೀಸುತ್ತದೆ, ನೀರು ಶಾಂತವಾಗಿರುತ್ತದೆ. ಹೊತ್ತೇರಿ ನೆಲ ಕಾದಂತೆ ಗಾಳಿ ತಿರುಗಿ, ಮಧ್ಯಾಹ್ನದ ಹೊತ್ತಿಗೆ ವಾಯುವ್ಯದಿಂದ ಜೋರಾಗುತ್ತದೆ. ಉತ್ತರದಿಂದ ದಕ್ಷಿಣಕ್ಕೆ ಹೋಗುವವರಿಗೆ ಈ ಗಾಳಿ ಬೆನ್ನ ಹಿಂದಿನಿಂದ ಬರುವುದು ಒಂದು ಅನುಕೂಲ. ಆದರೆ ಗಾಳಿಯ ವೇಗ ಎರಡರಷ್ಟಾದರೆ ಅದು ನೂಕುವ ಬಲ ನಾಲ್ಕರಷ್ಟಾಗುತ್ತದೆ ಎಂಬುದನ್ನು ಮರೆಯಬೇಡಿ. ಗಂಟೆಗೆ 20 ಕಿ.ಮೀ. ದಾಟಿದರೆ ಅಲೆಗಳ ತಲೆ ಅಲ್ಲಲ್ಲಿ ಬೆಳ್ಳಗಾಗತೊಡಗುತ್ತದೆ. ದಡದಿಂದ ಬರಿಗಣ್ಣಿಗೇ ಕಾಣುವ ಎಚ್ಚರಿಕೆ ಅದು. ಸೂರ್ಯೋದಯಕ್ಕೆ ಹೊರಟು ಮಧ್ಯಾಹ್ನದೊಳಗೆ ದಡ ಸೇರುವುದು ಕ್ಷೇಮದ ಪದ್ಧತಿ.

ಉಬ್ಬರ-ಇಳಿತ ದಿನಕ್ಕೆ ಎರಡೆರಡು ಬಾರಿ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ ಎಂಬುದು ಕರಾವಳಿಯ ಮಕ್ಕಳಿಗೂ ಗೊತ್ತು. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಈ ಏರಿಳಿತ ಸುಮಾರು 10 ಮೀಟರ್ ಮುಟ್ಟುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಒಂದೂವರೆ ಮೀಟರಿನ ಆಸುಪಾಸು. ಆದರೂ ನಮ್ಮ ಕರಾವಳಿಯಲ್ಲಿ ಕಯಾಕಿಗೆ ನಿಜವಾದ ಗಂಡಾಂತರ ತೆರೆದ ಸಮುದ್ರದಲ್ಲಿ ಅಲ್ಲ, ಅಳಿವೆಗಳಲ್ಲಿ. ಕಾರವಾರದ ಕಾಳಿ, ಆಮೇಲೆ ಗಂಗಾವಳಿ, ಅಘನಾಶಿನಿ, ಶರಾವತಿ, ಗಂಗೊಳ್ಳಿಯ ಪಂಚಗಂಗಾವಳಿ, ಸೀತಾ-ಸ್ವರ್ಣಾ, ಮೂಲ್ಕಿಯ ಶಾಂಭವಿ, ಕೊನೆಗೆ ಮಂಗಳೂರಿನ ನೇತ್ರಾವತಿ-ಗುರುಪುರ, ಹೀಗೆ ಸಾಲು ಸಾಲು ನದೀಮುಖಗಳನ್ನು ದಾಟಬೇಕು. ಇಳಿತದ ಹೊತ್ತಿನಲ್ಲಿ ನದಿಯ ನೀರು ರಭಸದಿಂದ ಹೊರಗೆ ನುಗ್ಗುತ್ತದೆ. ಸಮುದ್ರದ ಅಲೆ ಒಳಗೆ ಬರುತ್ತದೆ. ಕೆಳಗೆ ಮರಳಿನ ದಿಬ್ಬ. ಎದುರಾಎದುರು ಸಿಕ್ಕ ಅಲೆ ಅಲ್ಲಿ ಗಿಡ್ಡವಾಗಿ, ಕಡಿದಾಗಿ ಎದ್ದು ಒಡೆಯುತ್ತದೆ. ಉಬ್ಬರ ತುಂಬಿ ನೀರು ನಿಂತ ಅರ್ಧ ಗಂಟೆಯಲ್ಲಿ, ಇಲ್ಲವೇ ಅಳಿವೆಯಿಂದ ಸಾಕಷ್ಟು ಹೊರಗಿನಿಂದ ಬಳಸಿ ದಾಟಬೇಕು. ಯಾವ ಅಳಿವೆಯ ದಿಬ್ಬ ಈ ವರ್ಷ ಎಲ್ಲಿಗೆ ಸರಿದಿದೆ ಎಂಬುದು ನಕ್ಷೆಯಲ್ಲಿ ಸಿಗುವುದಿಲ್ಲ. ಅಲ್ಲಿಯ ಮೀನುಗಾರರನ್ನೇ ಕೇಳಬೇಕು. ಅಲೆ, ಗಾಳಿಗಳ ಮುನ್ಸೂಚನೆಯನ್ನು ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಪ್ರತಿದಿನ ಪ್ರಕಟಿಸುತ್ತದೆ. ಎರಡನ್ನೂ ಹೋಲಿಸಿ ನೋಡಿ.

ಮಗುಚಿದಾಗ, ಕಾಣದಾದಾಗ

ಕಯಾಕ್ ಮಗುಚುವುದು ಅಪಘಾತವಲ್ಲ, ಅದರ ಸ್ವಭಾವ. ಸೊಂಟ ಮತ್ತು ಹುಟ್ಟಿನ ಬಲದಿಂದ ದೋಣಿಸಮೇತ ತಿರುಗಿ ಮೇಲೇಳುವ ವಿದ್ಯೆ ಗ್ರೀನ್‌ಲ್ಯಾಂಡಿನ ಬೇಟೆಗಾರರಿಗೆ ಪ್ರಾಣದಷ್ಟೇ ಮುಖ್ಯವಾಗಿತ್ತು. ಅದು ಬಾರದಿದ್ದರೆ ಮುಚ್ಚಿಗೆ ಕಿತ್ತು ಹೊರಬಂದು, ಮತ್ತೆ ದೋಣಿ ಏರಿ, ಕೈಪಂಪಿನಿಂದ ನೀರು ಹೊರಹಾಕುವುದನ್ನಾದರೂ ಕಲಿಯಬೇಕು. ದಡದ ಬಳಿ ಶಾಂತ ನೀರಿನಲ್ಲಿ ಬಂದರೆ ಸಾಲದು. ದಣಿದಾಗ, ಅಲೆಯಲ್ಲಿ, ಬಟ್ಟೆಬರೆಸಮೇತ ಬರಬೇಕು. ಜೀವರಕ್ಷಕ ಅಂಗಿ ಮೈಮೇಲಿರಬೇಕು. ದೋಣಿಗೆ ಕಟ್ಟಿಟ್ಟ ಅಂಗಿ ದೋಣಿಯನ್ನಷ್ಟೇ ಕಾಯುತ್ತದೆ.

ಇನ್ನು ನೋಟದ ಲೆಕ್ಕ. ಕಯಾಕ್‌ನಲ್ಲಿ ಕುಳಿತವರ ಕಣ್ಣು ನೀರಿನಿಂದ ಸುಮಾರು 80 ಸೆಂ.ಮೀ. ಎತ್ತರದಲ್ಲಿರುತ್ತದೆ. ಭೂಮಿ ದುಂಡಗಿರುವುದರಿಂದ ಅಷ್ಟು ಎತ್ತರಕ್ಕೆ ಕ್ಷಿತಿಜ ಕೇವಲ 3 ಕಿ.ಮೀ.ಗಳಾಚೆ ಮುಗಿಯುತ್ತದೆ. ಟ್ರಾಲ್ ಬೋಟಿನವರಿಗೂ ನೀವು ಅಲೆಗಳ ನಡುವಿನ ಒಂದು ಚುಕ್ಕೆ. ಪ್ಲಾಸ್ಟಿಕ್ಕಿನ ದೋಣಿ ರೇಡಾರಿನಲ್ಲಿಯೂ ಸರಿಯಾಗಿ ಮೂಡುವುದಿಲ್ಲ. ಆದ್ದರಿಂದ ಕಿತ್ತಳೆ ಬಣ್ಣದ ಎತ್ತರದ ಬಾವುಟ, ಸೀಟಿ, ಕನ್ನಡಿ, ದೀಪ ಎಲ್ಲ ಬೇಕು.

ಆಪತ್ತಿನಲ್ಲಿ ಸುದ್ದಿ ತಲುಪಿಸಲು ಮೊಬೈಲ್ ಒಂದನ್ನೇ ನಂಬಬೇಡಿ. 406 ಮೆಗಾಹರ್ಟ್ಸ್‌ನ ಆಪತ್ಸಂಕೇತ ಸಾಧನಗಳು ಸಿಗುತ್ತವೆ. ಗುಂಡಿ ಒತ್ತಿದರೆ ಸಂಕೇತ ಉಪಗ್ರಹದ ಮೂಲಕ ಇಳಿಯುವುದು ಎಲ್ಲಿಗೆ ಗೊತ್ತೇ? ನಮ್ಮ ಬೆಂಗಳೂರಿಗೇ. ಇಸ್ರೋದ ಇಸ್ಟ್ರಾಕ್ ಸಂಸ್ಥೆಯಲ್ಲಿರುವ ಕೇಂದ್ರ ಅದನ್ನು ಸ್ವೀಕರಿಸಿ ಕರಾವಳಿ ರಕ್ಷಣಾ ಪಡೆಗೆ ತಿಳಿಸುತ್ತದೆ. ಸಾಧನವನ್ನು ಮೊದಲೇ ನಿಮ್ಮ ಹೆಸರಿನಲ್ಲಿ ನೋಂದಾಯಿಸಿರಬೇಕು. ಪರವಾನಗಿಯಿಲ್ಲದೆ ಉಪಗ್ರಹ ಫೋನ್ ಬಳಸುವುದು ನಮ್ಮ ದೇಶದಲ್ಲಿ ಅಪರಾಧ ಎಂಬುದೂ ನೆನಪಿರಲಿ. ದಡದಲ್ಲಿರುವವರ ಬಳಿ ಕರಾವಳಿ ರಕ್ಷಣಾ ಪಡೆಯ 1554, ಕರಾವಳಿ ಕಾವಲು ಪೊಲೀಸರ 1093 ಈ ಎರಡು ಸಂಖ್ಯೆಗಳಿರಲಿ. ಹೊರಡುವ ಮುನ್ನವೇ ಇವರಿಬ್ಬರಿಗೂ ದಾರಿಯ ವಿವರ ಲಿಖಿತವಾಗಿ ಕೊಟ್ಟು ಅನುಮತಿ ಪಡೆಯಬೇಕು. ಕಾರವಾರದ ನೌಕಾನೆಲೆಯ ಸುತ್ತ ನಿಷೇಧಿತ ಪ್ರದೇಶವಿದೆ. ಅಲ್ಲಿ ನೌಕಾಪಡೆಯ ಮಾತೇ ಅಂತಿಮ.

ಹಣದ ಭಾರ

ಈಗ ಅವರು ಕೇಳದೆ ಬಿಟ್ಟ ಪ್ರಶ್ನೆ. ಯಾವಾಗ ನಿಲ್ಲಿಸಬೇಕು?

ಇದನ್ನು ಹೇಳಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ಒಂದು ಅಳಿವೆಯ ಹತ್ತಿರ ಕಯಾಕ್ ಬಗ್ಗೆ ಚಿತ್ರೀಕರಣ ನಡೆಸುತ್ತಿದ್ದೆವು. ಸಂಜೆ ನಾಲ್ಕೂವರೆ. ಬೇಕಾದ ದೃಶ್ಯವೆಲ್ಲ ಆಗಿತ್ತು. ಆದರೂ ಇಳಿಬಿಸಿಲು ಚೆನ್ನಾಗಿದೆ, ಹುಡುಗ ಇನ್ನೊಂದು ಸಲ ಹೋಗಿಬರಲಿ ಎಂದೆ. ನಮ್ಮ ದೋಣಿ ನಡೆಸುತ್ತಿದ್ದ ಹಿರಿಯರು, "ಗಾಳಿ ತಿರ್ಗಿತ್ ಮಾರಾಯ್ರೆ, ಇವತ್ತಿಗೆ ಸಾಕ್" ಎಂದರು. ನಾನು ಕೇಳಲಿಲ್ಲ. ಹುಡುಗನಿಗೂ ಗಾಳಿಯ ಅಂದಾಜಿತ್ತು. ಆದರೆ ಟಿ.ವಿ.ಯವರು ಬೆಂಗಳೂರಿನಿಂದ ಬಂದಿದ್ದಾರೆ, ಆಗುವುದಿಲ್ಲ ಎನ್ನುವುದು ಹೇಗೆ ಎಂದು ಅವನೂ ಸುಮ್ಮನೆ ಹೊರಟ. ಇಳಿತದ ನೀರು ಅವನನ್ನು ಅಳಿವೆಯ ಬಾಯಿಗೆ ಎಳೆದೊಯ್ದಿತು. ಎದುರಿನ ಅಲೆಗೆ ಕಯಾಕ್ ಮಗುಚಿತು. ದಡದಲ್ಲಿ ಬಲೆ ಬಿಡಿಸುತ್ತಿದ್ದ ಇಬ್ಬರು ಮೀನುಗಾರರು ದೋಣಿ ಇಳಿಸಿ ಹೋಗಿ ಅವನನ್ನು ಎತ್ತಿಕೊಳ್ಳುವವರೆಗೆ ಇಪ್ಪತ್ತು ನಿಮಿಷ ನಾನು ಮರಳಿನ ಮೇಲೆ ನಿಂತಿದ್ದೆ. ಮೈಮೇಲೆ ಜೀವರಕ್ಷಕ ಅಂಗಿ ಇದ್ದುದರಿಂದ ಹುಡುಗ ಉಳಿದ. ಆ ಸಂಜೆ ಅವನ ಮನೆಗೆ ಹೋದಾಗ ಅವನ ತಾಯಿ ಕೂಗಾಡಲಿಲ್ಲ. ಚಹಾ ಕೊಟ್ಟು ಒಂದೇ ಮಾತು ಕೇಳಿದರು: "ಅಂವ ಬ್ಯಾಡ ಅಂದಿದ್ರೆ ನೀವ್ ಬಿಡ್ತಿದ್ರಾ?"

ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಒಂದು ದೃಶ್ಯಕ್ಕಾಗಿಯೇ ಒಬ್ಬ ಹುಡುಗ 'ಬೇಡ' ಎನ್ನಲಾರದೆ ಹೋದರೆ, ಊರಿನ ರೋಗಿಗಳಿಗಾಗಿ ನೂರಾರು ಜನರಿಂದ ಹಣ ಕೇಳಿ ಹೊರಟವರು ಹೇಗೆ ಹೇಳಿಯಾರು? ಕಿಲೋಮೀಟರಿಗೆ ಇಷ್ಟು ಎಂಬ ಏರ್ಪಾಟಿನ ಅಪಾಯ ಇಲ್ಲಿದೆ. ಗಾಳಿ ಎದ್ದ ಮಧ್ಯಾಹ್ನ, ಇನ್ನು ಹತ್ತು ಕಿಲೋಮೀಟರ್ ಹೋದರೆ ಯಂತ್ರಕ್ಕೆ ಇನ್ನಷ್ಟು ಹಣ ಎಂಬ ಯೋಚನೆ ತಲೆಯಲ್ಲಿ ಕುಳಿತರೆ ಮನುಷ್ಯ ಅಲೆಯನ್ನು ನೋಡುವುದಿಲ್ಲ, ಲೆಕ್ಕವನ್ನು ನೋಡುತ್ತಾನೆ.

ಆದ್ದರಿಂದ ದಾನದ ಚೀಟಿಯ ಒಕ್ಕಣೆಯನ್ನು ಮೊದಲೇ ಬದಲಿಸಿ. ಯಾನ ಎಲ್ಲಿ ನಿಂತರೂ ಪೂರ್ತಿ ಹಣ ಕೊಡುತ್ತೇನೆ ಎಂದು ದಾನಿಗಳು ಬರೆದುಕೊಡಲಿ. ಸಾಧ್ಯವಾದರೆ ಹೊರಡುವ ಮುನ್ನವೇ ಹಣ ಬಂದುಬಿಡಲಿ. ಹಣ ನಿಮ್ಮ ಸ್ವಂತ ಖಾತೆಗೆ ಬರಬಾರದು. ಆಸ್ಪತ್ರೆಯ ಅಥವಾ ನೋಂದಾಯಿತ ಸಂಸ್ಥೆಯೊಂದರ ಪ್ರತ್ಯೇಕ ಖಾತೆಗೆ ಬರಲಿ. ಯಾನದ ಖರ್ಚನ್ನು ಅದರಿಂದ ತೆಗೆಯಬೇಡಿ. ಯಂತ್ರ ಬಂದ ಮೇಲೆ ಅದನ್ನು ನಡೆಸುವ ಸಿಬ್ಬಂದಿ, ಶುದ್ಧ ನೀರಿನ ವ್ಯವಸ್ಥೆಯ ಬಗ್ಗೆ ಆಸ್ಪತ್ರೆಯವರೊಂದಿಗೆ ಮೊದಲೇ ಮಾತನಾಡಿ. ಇಷ್ಟಾದರೆ ದೋಣಿ ಅರ್ಧದಾರಿಯಲ್ಲಿ ದಡ ಹತ್ತಿದರೂ ರೋಗಿಗಳಿಗೆ ನಷ್ಟವಾಗುವುದಿಲ್ಲ.

ಹಿಂದಿರುಗಿದವರು

ಅರ್ಧಕ್ಕೆ ನಿಲ್ಲಿಸಿದವರು ಸೋತವರಲ್ಲ ಎಂಬುದಕ್ಕೆ ಉದಾಹರಣೆಗಳಿವೆ. ಸಿರಿಲ್ ಡೆರೆಮೊ ಎಂಬುವರು 2021ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಹವಾಯಿ ದ್ವೀಪಕ್ಕೆ ಒಬ್ಬರೇ ಕಯಾಕ್‌ನಲ್ಲಿ ಹೊರಟರು. ಒಂದು ವಾರ ತುಂಬುವ ಮೊದಲೇ ಬಿರುಸಾದ ಸಮುದ್ರದಲ್ಲಿ ಸಹಾಯ ಕೋರಿದರು. ಹೆಲಿಕಾಪ್ಟರ್ ಬಂದು ಅವರನ್ನು ಎತ್ತಿಕೊಂಡಿತು. ಮರುವರ್ಷ, 2022ರಲ್ಲಿ, ಮತ್ತೆ ಹೊರಟು 91 ದಿನಗಳಲ್ಲಿ ಹವಾಯಿ ಮುಟ್ಟಿದರು. ಪೋಲೆಂಡಿನ ಅಲೆಕ್ಸಾಂಡರ್ ಡೋಬಾ 2016ರಲ್ಲಿ ಅಟ್ಲಾಂಟಿಕ್ ದಾಟಲು ಹೊರಟಾಗ ಅಮೆರಿಕದ ದಡದ ಬಳಿಯೇ ದೋಣಿ ಮಗುಚಿ ಯಾನ ಕೈಬಿಟ್ಟರು. 2017ರಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ, ಅದೇ ಸಾಗರವನ್ನು 110 ದಿನಗಳಲ್ಲಿ ದಾಟಿ ಫ್ರಾನ್ಸ್ ಸೇರಿದರು.

ಇನ್ನೊಂದು ಹೆಸರನ್ನೂ ಹೇಳದಿದ್ದರೆ ಮಾತು ಪ್ರಾಮಾಣಿಕವಾಗುವುದಿಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಮೆಕಾಲಿ ನುರಿತ ಸಾಹಸಿ. ಟಾಸ್ಮೇನಿಯಾದಿಂದ ನ್ಯೂಜಿಲೆಂಡಿಗೆ 2006ರ ಡಿಸೆಂಬರ್‌ನಲ್ಲಿ ಹೊರಟು, ಚಳಿ ತಡೆಯಲಾಗದೆಂದು ಕಂಡು ಹಿಂದಿರುಗಿದರು. ಸಿದ್ಧತೆ ತಿದ್ದಿಕೊಂಡು 2007ರ ಜನವರಿಯಲ್ಲಿ ಮತ್ತೆ ಹೊರಟರು. ಫೆಬ್ರವರಿ 9ರಂದು, ನ್ಯೂಜಿಲೆಂಡಿನ ದಡ ಹತ್ತಿರವಾಗಿದ್ದಾಗ, ಅವರ ಆಪತ್ತಿನ ಕರೆ ಕೇಳಿಬಂತು. ಮರುದಿನ ಕಯಾಕ್ ಸಿಕ್ಕಿತು, ಅವರು ಸಿಗಲಿಲ್ಲ. ಅಷ್ಟು ಸಿದ್ಧತೆಯಿದ್ದವರನ್ನೂ ಸಮುದ್ರ ಬಿಡಲಿಲ್ಲ. ಸಿದ್ಧತೆಯಿಂದ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಮನೆಯವರ ಜೊತೆ ಕುಳಿತು ಈ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದ ಮೇಲೆಯೇ ಮುಂದಿನ ಹೆಜ್ಜೆ.

ಬರೆದಿಡಬೇಕಾದ ಮಾತು

ಹೊರಡುವ ಒಂದು ವಾರ ಮೊದಲು, ಹೊಟ್ಟೆ ತುಂಬಿ ನಿದ್ರೆಯಾಗಿ ಬುದ್ಧಿ ತಿಳಿಯಾಗಿರುವ ಹೊತ್ತಿನಲ್ಲಿ, ಒಂದು ಹಾಳೆಯ ಮೇಲೆ ಹೀಗೆ ಬರೆಯಿರಿ. ಗಾಳಿ ಇಷ್ಟು ದಾಟಿದರೆ ಅಂದು ದೋಣಿ ಇಳಿಸುವುದಿಲ್ಲ. ಮಧ್ಯಾಹ್ನ ಇಷ್ಟು ಗಂಟೆಯ ಮೇಲೆ ನೀರಿನಲ್ಲಿರುವುದಿಲ್ಲ. ದಿನಕ್ಕೆ ಎರಡು ಸಲ ಮಗುಚಿದರೆ ಮರುದಿನ ವಿಶ್ರಾಂತಿ. ಜ್ವರ ಬಂದರೆ, ಭುಜ ನೋಯುತ್ತಿದ್ದರೆ ವೈದ್ಯರ ಮಾತಿಲ್ಲದೆ ಹೊರಡುವುದಿಲ್ಲ. ಹೇಳಿದ ಹೊತ್ತಿಗೆ ಸುದ್ದಿ ಬಾರದೆ ಒಂದು ಗಂಟೆಯಾದರೆ ದಡದವರು ಯಾರನ್ನೂ ಕೇಳದೆ 1554ಕ್ಕೆ ಕರೆಮಾಡುತ್ತಾರೆ.

ಕೊನೆಗೆ ಇನ್ನೊಂದು ಸಾಲು ಸೇರಿಸಿ. 'ಇವತ್ತಿಗೆ ಸಾಕು' ಎನ್ನುವ ಅಧಿಕಾರವನ್ನು ದಡದಲ್ಲಿರುವ ಒಬ್ಬರಿಗೆ ಕೊಡಿ. ಅವರು ದಾನಿಯಾಗಿರಬಾರದು, ಪತ್ರಿಕೆಯವರೋ ಟಿ.ವಿ.ಯವರೋ ಆಗಿರಬಾರದು. ಸಮುದ್ರ ಬಲ್ಲ ಒಬ್ಬ ಹಿರಿಯ ಮೀನುಗಾರರಾದರೆ ಉತ್ತಮ. ಅವರು ಸಾಕು ಎಂದಾಗ ಚರ್ಚೆಯಿಲ್ಲದೆ ದಡಕ್ಕೆ ಬರುತ್ತೇನೆಂದು ಸಹಿ ಹಾಕಿ, ಒಂದು ಪ್ರತಿಯನ್ನು ತಾಯಿಯ ಕೈಗೆ ಕೊಡಿ.

ನಮ್ಮ ವಿದ್ಯಾರ್ಥಿ ಮಿತ್ರರಿಗೆ ನಾನು ಬರೆದ ಪತ್ರದಲ್ಲಿಯೂ ಇಷ್ಟನ್ನೇ ಹೇಳಿದ್ದೇನೆ. ಅವರು ಹೊರಟರೆ ನಮ್ಮ ಕ್ಯಾಮೆರಾ ಕಾರವಾರಕ್ಕೆ ಬರುತ್ತದೆ. ಮಂಗಳೂರಿನ ದಡದಲ್ಲಿ ಹಾರ ಹಾಕುವ ದೃಶ್ಯ ಸಿಕ್ಕರೆ ಸಂತೋಷ. ಗಾಳಿ ಎದ್ದ ದಿನ ಹೊನ್ನಾವರದಲ್ಲೋ ಭಟ್ಕಳದಲ್ಲೋ ದೋಣಿಯನ್ನು ಮರಳಿನ ಮೇಲೆ ಎಳೆದಿಟ್ಟು, "ಇವತ್ತಿಗೆ ಸಾಕು" ಎಂದು ಅವರು ಹೇಳಿದರೆ ಅದನ್ನೂ ಪೂರ್ತಿಯಾಗಿ, ಕತ್ತರಿಸದೆ ಪ್ರಸಾರ ಮಾಡುತ್ತೇವೆ. ನಿಮ್ಮಲ್ಲಿ ಯಾರಿಗಾದರೂ ಇಂಥ ಯಾನದ ಆಸೆಯಿದ್ದರೆ ಪತ್ರ ಬರೆಯಿರಿ. ಎಷ್ಟು ದೂರ ಹೋಗುತ್ತೀರಿ ಎಂಬುದರ ಜೊತೆಗೆ, ಯಾರ ಮಾತಿಗೆ ನಿಲ್ಲುತ್ತೀರಿ ಎಂಬುದನ್ನೂ ತಪ್ಪದೆ ತಿಳಿಸಿ.